ಇಜಿದೋರನಿಗೊಂದು ಬಲಿಪೂಜೆ

ಶನಿವಾರ ರಾತ್ರಿ ಒಂಬತ್ತೂವರೆಗೆ
ಕೆಳಗಿನಿಂದ ಮಾಳಿಗೆಯ ಹಲಗೆಗೆ ಕೋಲಿನಲ್ಲಿ ಎರಡು ಗುದ್ದು:
"ಪುತಾ, ಹಡಗು ಬಂತು."

ಕುಲಶೇಖರದ ಆ ಹಂಚಿನ ಮನೆಯಲ್ಲಿ
ನಾನು ಮೇಲೆ ಬಾಡಿಗೆಗೆ, ಅಪೊಲಿನ್ ಬಾಯಿ ಕೆಳಗೆ.
ಟೀವಿ ಅವರದ್ದು, ಇಂಗ್ಲಿಷು ನನ್ನದು,
ನಡುವೆ ಒಂದು ಬಟ್ಟಲು ಸುಟ್ಟ ಹಲಸಿನ ಬೀಜ.

ಒಂಬತ್ತು ವರ್ಷ.
ನಕ್ಷತ್ರಗಳ ನಡುವೆ ನೆಲ ಹುಡುಕಿ ಹೊರಟ ಆ ಹಡಗಿನಲ್ಲಿ
ಕಪ್ತಾನರು ಮೂವರು ಬದಲಾದರು.
ಇಂಜಿನ್ ಕೋಣೆಯವ ಮಾತ್ರ ಅವನೇ:
ಬೂದಿ ಬಣ್ಣದ ಮೈ, ಕೈಗೆ ಮೂರೇ ಬೆರಳು,
ಹೆಸರು ಇಝ್ದಾರ್.
ಬಾಯಿಯ ನಾಲಿಗೆ ಮೊದಲ ವಾರವೇ ಅವನನ್ನು
ಇಜಿದೋರ್ ಮಾಡಿ ಮನೆಯೊಳಗೆ ಕೂರಿಸಿತು.
"ನಮ್ಮ ಯಜಮಾನರ ಹಾಗೆಯೇ," ಎನ್ನುವರು,
"ಊಟಕ್ಕೆ ಕರೆದರೆ ಒಂದು ನಿಮಿಷ ಅಂತಾನೆ,
ಬರುವುದೇ ಇಲ್ಲ."

ಅವರ ಮಡಿಲಲ್ಲಿ ಬೆಂದೂರಿನ ಟೈಲರ್ ಕಳಿಸಿದ ಶರ್ಟುಗಳು,
ಕಾಜಾ ಒಂದಕ್ಕೆ ಇಷ್ಟು ಎಂದು ಲೆಕ್ಕ.
ಯುದ್ಧ ನಡೆಯುವಾಗ ಸೂಜಿ ಓಡುತ್ತಿತ್ತು,
ಇಜಿದೋರ್ ಬಂದರೆ ನಿಲ್ಲುತ್ತಿತ್ತು.

ಆ ರಾತ್ರಿ ನಿಂತದ್ದು ಮತ್ತೆ ಹೊರಡಲಿಲ್ಲ.
ಬೆಂಕಿ ಈಚೆ ಬಾರದಂತೆ ಅವನು
ಒಳಗಿನಿಂದ ಬಾಗಿಲು ಎಳೆದುಕೊಂಡ.
ಗಾಜಿನಾಚೆ ತುಟಿ ಅಲ್ಲಾಡಿತು.
"ಎಂತ ಹೇಳಿದ?"

ಹೇಳಿದ್ದು: ಒತ್ತಡ ನಲವತ್ತಕ್ಕೆ ಇಳಿಯಲಿ, ಆಮೇಲೆ ಇಂಜಿನ್ ಚಾಲೂ ಮಾಡಿ.
ನಾನು ಹೇಳಿದೆ: ಊಟಕ್ಕೆ ಕಾಯಬೇಡಿ ಅಂದ.

ಎರಡು ದಿನ ಬಿಟ್ಟು, ಸಮಾಧಾನಕ್ಕೆಂದು, ವಿವರಿಸಿದೆ:
ನೋಡುವವರು ಕಡಿಮೆಯಾಗಿದ್ದಾರೆ ಬಾಯಿ.
ಕಪ್ತಾನನನ್ನು ಕೊಂದರೆ ಕತೆ ನಿಲ್ಲುತ್ತದೆ,
ನಿನ್ನೆ ಬಂದವನನ್ನು ಕೊಂದರೆ ಯಾರೂ ಅಳುವುದಿಲ್ಲ.
ಅಳುವಷ್ಟು ಹಳಬ, ಬಿಟ್ಟು ನಡೆಯುವಷ್ಟು ಬದಿಯವ,
ಅದಕ್ಕೇ ಇವನು.
ವೇಷ ಹಾಕಿದವನಿಗೆ ಬೇರೆ ಕೆಲಸ ಸಿಕ್ಕಿದೆಯಂತೆ, ಸುಖವಾಗಿದ್ದಾನೆ.

"ಇರಲಿ ಪಾಪ, ಅವನಿಗೆ ಒಳ್ಳೆಯದಾಗಲಿ.
ಸತ್ತದ್ದು ಅವನಲ್ಲವಲ್ಲ."

ಸತ್ತವರ ದಿನ ಹತ್ತಿರ ಬಂದಾಗ
ಇಗರ್ಜಿಯ ಕಚೇರಿಯಲ್ಲಿ ಹೆಸರು ಬರೆಸಲು ನಿಂತರು:
ಬಲಿಪೂಜೆ, ಒಂದು, ಇಜಿದೋರನ ಆತ್ಮಕ್ಕೆ.
ಯಾವ ವಾಡೊ ಎಂದು ಕೇಳಿದರು ಪಾದ್ರಿ.
"ಇಲ್ಲಿಯವನಲ್ಲ ಫಾದರ್. ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ.
ದೇಹ ಸಿಗಲಿಲ್ಲ."
ಹಡಗಿಗೆ ಹೋದವರು ಈ ಊರಲ್ಲಿ ಎಷ್ಟೋ ಮಂದಿ.
ಪಾದ್ರಿ ಪೆನ್ನು ಎತ್ತಿ ಒಂದು ಕ್ಷಣ ಸುಮ್ಮನಿದ್ದು ಬರೆದುಕೊಂಡರು.
ಹಿಂದೆ ನಿಂತ ನಾನು ನನ್ನ ಚಪ್ಪಲಿ ನೋಡಿಕೊಂಡೆ.
ಅದರಲ್ಲಿ ಸುಳ್ಳು ಯಾವುದೆಂದು ಈಗಲೂ ತಿಳಿಯದು.

ಬೆಳಿಗ್ಗೆ ಆರರ ಪೂಜೆಯಲ್ಲಿ
ಒಬ್ಬ ಮೆಂಡೋನ್ಸಾ, ಇಬ್ಬರು ಲೋಬೊಗಳ ನಡುವೆ
ಅವನ ಹೆಸರೂ ಹಾದುಹೋಯಿತು.
ಗುರುತಿಲ್ಲದವರೆಲ್ಲ ಆಮೆನ್ ಅಂದರು.

ಮುಂದಿನ ವರ್ಷ ಅವನನ್ನು ವಾಪಸು ತಂದರು.
ಇಂಥ ಕತೆಗಳಲ್ಲಿ ತರುತ್ತಾರೆ,
ಇನ್ನೊಂದು ಕಾಲದಿಂದ, ಇನ್ನೊಂದು ಲೋಕದಿಂದ, ಅದೇ ಮುಖ.
ಮೆಟ್ಟಿಲು ಹಾರಿ ಇಳಿದು ಹೇಳಿದೆ.
ಬಾಯಿ ಸೂಜಿಗೆ ನೂಲು ಪೋಣಿಸುತ್ತಿದ್ದರು.
"ಪೂಜೆ ಆದಮೇಲೆ ಹಾಗೆಲ್ಲ ಎಬ್ಬಿಸಬಾರದು ಪುತಾ.
ಹಾಗಾದರೆ ಅವನು ಬಾಗಿಲು ಹಾಕಿದ್ದು ಎಂತಕ್ಕೆ?"

ಆ ಶನಿವಾರ ಗುದ್ದು ಕೇಳಲಿಲ್ಲ.
ಮೇಲೆ, ಮೊಬೈಲಿನಲ್ಲಿ, ಸದ್ದು ಇಳಿಸಿ
ಕಳ್ಳನ ಹಾಗೆ ನೋಡಿದೆ.

ಮರುದಿನ ನೀರು ಹಿಡಿಯುವಾಗ ಅವರಾಗಿಯೇ ಕೇಳಿದರು:
"ಎಡಗೈಯಲ್ಲಿ ಸುಟ್ಟ ಕಲೆ ಉಂಟಾ?
ಮೂರನೆಯ ವರ್ಷ, ಆ ಮಗುವನ್ನು ಹೊರಗೆ ಎಳೆಯುವಾಗ ಆದದ್ದು?"

ಇತ್ತು. ಬಣ್ಣ ಹಚ್ಚುವವರು ಮರೆತಿರಲಿಲ್ಲ.

"ಇಲ್ಲ ಬಾಯಿ," ಅಂದೆ.

"ಮತ್ತೆ!" ಎಂದು ನಲ್ಲಿ ತಿರುಗಿಸಿ ಒಳಗೆ ಹೋದರು.
ಕೊಡ ಅಲ್ಲೇ ಇತ್ತು, ಅರ್ಧ.