ಎರಡು ನೀರಿಗೆ ಒಂದು ಅಂಗಿ

ಐದು ಮಿಲಿಮೀಟರಿಂದು ತಂದಾನ ಕಾಯ್ತಾನ.
ಮೋರ್ಜಿಯಾಗ ಯಾವನೋ ರಷ್ಯಾದಾಂವ
ಊರಿಗೆ ಹೋಗುವಾಗ ಅರ್ಧ ರೇಟಿಗೆ ಕೊಟ್ಟು ಹ್ವಾದನಂತ.
ನನ್ನ ಮಿಶಿನ್ ಮ್ಯಾಲೆ ಹಾಕಿದ,
ಕರೀ ಎಮ್ಮಿಕರ ಮಲಗಿದಂಗಾತು.
"ಮಾವ್ಶಿ, ಸೊಂಟ ಹಿಡದು ಕೊಡು, ಸಡ್ಲ ಐತಿ."

ಸಡ್ಲದ ಮಾತು ಆಮ್ಯಾಲೆ.
ಮೊದ್ಲ ಹೇಳು, ಯಾವ ತಿಂಗಳ ಇಳಿಯಾಂವ ನೀ?

ಬೈನಾದಾಗ ಇಪ್ಪತ್ತೆರಡು ವರ್ಷ
ಹಡಗಿನವರ ರೇನ್‌ಕೋಟು, ಹರದ ಲೈಫ್ ಜಾಕೆಟ್ಟು,
ಈಗ ಐದಾರು ವರ್ಷಾತು ಈ ರಬ್ಬರಿನ ತೊಗಲು.
ಸಮುದ್ರಕ್ಕ ಮೊಣಕಾಲಿನ ಮ್ಯಾಲೆ ಇಳದಾಕಿ ಅಲ್ಲ ನಾ.
ಆದ್ರ ಹರಕೊಂಡು ಬಂದ ಅಂಗಿ ನೋಡಿದ್ರ ಗೊತ್ತಾಕ್ಕೈತಿ
ಯಾರು ಕಲ್ಲಿನ ಸಂದ್ಯಾಗ ತೂರಿದ್ರು,
ಯಾರು ನಡುಗಿ ಉಗುರಿಲೆ ಬಗದು ತಗದ್ರು.

ನಮ್ಮವ್ವ ಕೌದಿ ಹೊಲಿತಿದ್ಲು. ಹಳೇ ಸೀರಿ
ನಾಕು ಪದರ ಮಳಿಗಾಲಕ್ಕ, ಏಳು ಪದರ ಮಾಗಿಗೆ.
ಏಳು ಪದರಿಂದು ಹೊದ್ಕೊಂಡ್ರ ಮಗ್ಗಲ ಹೊಳ್ಳಾಕ ಬರ್ತಿರಲಿಲ್ಲ,
ಸಣ್ಣಾಕಿ ನಾ, ಅಳತಿದ್ದೆ.
ಇದೂ ಹಂಗ. ದಪ್ಪ ಅಂಗಿ ತೇಲಸ್ತೈತಿ,
ತೇಲಸೂದನ್ನ ಮುಳುಗಸಾಕ ಸೊಂಟಕ್ಕ ಸೀಸ,
ಸೀಸ ಹೊತ್ತಾಂವಗ ಉಸಿರು ಲಗೂ ತೀರತೈತಿ.
ಭರ್ಚಿ ಹಿಡದು ಮೀನಿಗೆ ಕಾಯೂ ಮನಷ್ಯಾ
ತನ್ನ ಭಾರ ಎಣಿಸ್ಕೊಂತ ಕುಂದ್ರತಾನ.

ಮೇದಾಗ ನೀರಂದ್ರ ಹಂಡೇದಾಗ ಉಳದ ಜಳಕದ ನೀರು.
ಆವಾಗ ಚುಚ್ಚೂ ಲೋಳಿಮೀನಿಗೆ ಹೆದರಿ
ಕಾಲುಚೀಲದಂಥಾ ತೆಳ್ಳಂದೊಂದು ಇದ್ರ ಮುಗೀತು.
ಡಿಸೆಂಬರಿನಾಗ ಒಂದೂವರಿ, ತಾಸಿಗಿಂತ ಹೆಚ್ಚು ಇರಾಂವಗ ಎರಡು.
ಮುಂದಿನ ಲೆಕ್ಕ ಈ ಊರಿಗೆ ಬೇಕಿಲ್ಲಂತ
ನಾನೂ ತಿಳ್ಕೊಂಡಿದ್ದೆ,
ಹ್ವಾದ ಅಕ್ಟೋಬರ್ ಬರೂತನಕ.

ಮಳಿ ಮುಗದು ಬಿಸಿಲು ಬಿದ್ದಿತ್ತು. ಗ್ರಾಂಡೆ ಐಲ್ಯಾಂಡಿನ ಹಿಂದ
ಅಂಗಿ ಇಲ್ಲದ ಹಾರಿದಾಂವ ಇಂವ.
ಮ್ಯಾಲಿನ ನೀರು ಹಸರು, ಬೆಚ್ಚಗ, ಕೈ ಕಾಣದಷ್ಟು ಕದಡಿದ್ದು.
ಆರು ಮಾರು ಇಳದ ಮ್ಯಾಲೆ,
"ಮಾವ್ಶಿ, ಫ್ರಿಜ್ಜಿನ ಬಾಗಲ ತಗದಂಗ!
ಒಂದು ಸಮುದ್ರದ ಕೆಳಗ ಇನ್ನೊಂದು ಸಮುದ್ರ.
ನಡುವ ಮಿಣಮಿಣ, ಎಣ್ಣಿ ಬೆರಸಿದಂಗ.
ಕೆಳಗಿಂದು ಗಾಜು. ತಾಂಬೊಶಿ ಅಲ್ಲೇ ನಿಂತಾವ ಸಾಲಾಗಿ."
ಹೇಳುವಾಗ ಹಲ್ಲು ಕಟಕಟ, ತುಟಿ ನೇರಳಿಹಣ್ಣು.
ನಾ ಕೊಟ್ಟ ಚಾ ಅರ್ಧ ನೆಲಕ್ಕ ಚೆಲ್ಲಿತು.
ಒಂದೂ ಹೊಡದಿರಲಿಲ್ಲ. ಕೈ ನಡುಗಿದ್ರ
ಮೀನಿಗೂ ಗೊತ್ತಾಕ್ಕೈತಿ.

ಅದಕ್ಕ ಈ ಐದು. ಹೆದರಿದಾಂವ ದಪ್ಪಂದ ತಗೋತಾನ.

ಖಾರಿವಾಡೇದಿಂದ ಐಸ್ ತರಿಸಿದೆ, ಒಂದು ಬಕೀಟು.
ತುಂಡು ರಬ್ಬರ್ ಹೊಲದು ತೋಳು ಮಾಡಿ
ಎರಡರದ್ದು ಎಡಗೈಗೆ, ಮೂರರದ್ದು ಬಲಗೈಗೆ,
ಮೊಣಕೈತನಕ ಅದ್ದಿ ಕುಂತೆ, ಎಣಿಸ್ಕೊಂತ.
ಬಾಜೂದ ಹುಡುಗುರು ನಕ್ಕವು.
ಎಡಗೈ ಇನ್ನೂರಕ್ಕ ಸುಮ್ಮನಾತು.
ಬಲಗೈ ಇನ್ನೂ ಮಾತಾಡತಿತ್ತು,
ಆದ್ರ ಸೂಜಿ ಹ್ವಾದ ತೂತಿನಾಗ
ಥಂಡಿ ಇರುವಿ ಹರದಂಗ ಬರ್ತಿತ್ತು.
ದಪ್ಪಲ್ಲ ತಮ್ಮಾ, ಬಿಗಿ. ನೀರು ಒಳಗ ಹೊರಗ ಆಡಿದ್ರ
ಏಳು ಪದರಿನ ಕೌದೀನೂ ತೊಯ್ದ ಕೌದಿ.

ಇನ್ನೊಂದು ಮಾತು ಇಂವನ ಹೇಳಿದ್ದು, ಅವತ್ತು ನಿದ್ದಿ ಬರಲಿಲ್ಲ ನನಗ:
ಆಳಕ್ಕ ಹ್ವಾದಂಗ ಸಮುದ್ರ ಹಿಂಡತೈತಂತ,
ಮೂರು ಇದ್ದದ್ದು ಒಂದೂವರಿ ಆಕ್ಕೈತಂತ.
ಎಲ್ಲೆ ಥಂಡಿ ಹೆಚ್ಚೋ ಅಲ್ಲೆ ಅಂಗಿ ತೆಳ್ಳಗ.
ಅಂಥಾದ್ದಕ್ಕ ಎಲ್ಲೆ ನಿಂತು ಅಳತಿ ತಗೋಬೇಕು?

ಐದರದ್ದಕ್ಕ ಕತ್ತರಿ ಹಾಕಲಿಲ್ಲ. ಮಡಚಿ ಕೊಟ್ಟೆ,
ಥಂಡಿ ದೇಶಕ್ಕ ಹೋಗಾಂವ ಯಾವನರೆ ಸಿಕ್ರ ಮಾರು ಅಂದೆ.
ಮೂರರದ್ದು ಪ್ಯಾಂಟು, ಎದಿತನಕ. ಎರಡರದ್ದು ಮ್ಯಾಲಂಗಿ,
ಅದಕ್ಕ ಕೂಸಿಗೆ ಹಾಕ್ತಾರಲ್ಲ ಅಂಥಾದ್ದೊಂದು ಕುಂಚಗಿ.
ನೆತ್ತಿ ಮುಚ್ಚಿದ್ರ ಅರ್ಧ ಚಳಿ ಹ್ವಾದಂಗ.

ಸೋಪಿನ ನೀರು ಸುರಕೊಂಡು ಅಂಗಡಿ ಹಿಂದ ತೊಟ್ಕೊಂಡ.
ಬೆನ್ನ ಮ್ಯಾಲೆ ಕೈ ಆಡಿಸಿದೆ, ಎಲ್ಲೂ ಗಾಳಿ ಇಲ್ಲ.
"ಉಸಿರು ತಗೋ," ಅಂದೆ.
ತಗೊಂಡ. ಹಿಡಕೊಂಡ.
ರಸ್ತೇದಾಗ ಒಂದು ಬಸ್ಸು ಹ್ವಾತು, ಇನ್ನೊಂದು ಬಂತು,
ಚಾದಾಂವ ಕಪ್ಪು ಒಯ್ಯಾಕ ಬಂದು ನಿಂತ,
ಇಂವ ಇನ್ನೂ ಬಿಟ್ಟಿಲ್ಲ.
ಬಾಯಾಗ ಟಾಚಣಿ ಕಚ್ಕೊಂಡು
ನಾನೂ ಬಿಟ್ಟಿದ್ದಿಲ್ಲ.