ಬಲಗಣ್ಣು

ಗೆನೊವೆಫಾಳ ಬಲಗಣ್ಣಿನ ಪೊರೆ ತೆಗೆದದ್ದು ಜೂನ್‌ನಲ್ಲಿ.
ಎಡಗಣ್ಣಿನ ಸರತಿಗೆ ಇನ್ನೊಂದು ವರ್ಷ ಕಾಯಬೇಕಂತೆ.

ಪೋಲೆಂಡಿನ ಸಾನ್ ನದಿಯ ದಂಡೆ, ಬುಟ್ಟಿ ಹೆಣೆಯುವವರ ಊರು.
ಐವತ್ತು ವರ್ಷದಿಂದ ವಿಲ್ಲೋ ಕೊಂಬೆಯ ಎಲೆ ಸವರುತ್ತಲೇ ಇದ್ದಾಳೆ.
ಬೆರಳಿಗೆ ಬೇಕಾದದ್ದು ಕಡ್ಡಿ. ಎಲೆ ಕಸ.
ಕಸದ ಮುಖ ಯಾರು ನೋಡುತ್ತಾರೆ?

ಈಗ ಹೊಸ ಕಣ್ಣಿಗೆ ಎಲ್ಲವೂ ಅತಿಯಾಯಿತು:
ಗಂಡ ವಿನ್ಸೆಂತಿಯ ಕಿವಿಯೊಳಗಿನ ಕೂದಲು,
ಬೆಕ್ಕಿನ ಮೀಸೆಯಲ್ಲಿ ಒಣಗಿದ ಹಾಲು,
ಎಲೆಯ ಅಡಿಯಲ್ಲೊಂದು ಬೊಬ್ಬೆ,
ಹೊಸ ಬೂಟು ಕಚ್ಚಿದ ಹಿಮ್ಮಡಿಯ ಹಾಗೆ.

ಉಗುರಿನಿಂದ ಗೀರಿದಳು.
ಒಳಗೆ ಮನೆ!
ಎಲೆಯ ಎರಡು ಚರ್ಮದ ನಡುವೆ ಸೂರೂ ಹಸಿರು, ನೆಲವೂ ಹಸಿರು,
ಮೂಲೆಯಲ್ಲಿ ಒಪ್ಪವಾಗಿ ಗುಡ್ಡೆ ಹಾಕಿದ ಕರಿಹಿಕ್ಕೆ,
ನಡುವೆ ದಾರದ ಚೂರಿನಷ್ಟು ಹುಳು
ಬೆಳಕಿಗೆ ಮುದುಡಿಕೊಂಡು.
ಬಾಗಿಲು ತಟ್ಟದೆ ನುಗ್ಗಿದವಳಂತೆ ನಾಚಿದಳು.
ಎಂಜಲು ಹಚ್ಚಿ ಮುಚ್ಚಲು ನೋಡಿದಳು.
ಅಂಟಲಿಲ್ಲ.
ಮಧ್ಯಾಹ್ನದ ಹೊತ್ತಿಗೆ ಹುಳು ಒಣಗಿತ್ತು.

ಸಂಘದ ಝೆಮೊವಿತ್ ಕನ್ನಡಕ ಏರಿಸಿ ಹೇಳಿದ:
ಎಲೆಯೊಳಗೆ ಸುರಂಗ ತೋಡುವ ಪತಂಗ ಅದು,
ಲ್ಯಾಟಿನ್ ಹೆಸರು ಪತಂಗಕ್ಕಿಂತ ಉದ್ದ.
ಉದುರಿದ್ದನ್ನೆಲ್ಲ ಗುಡಿಸಿ ಸುಟ್ಟುಬಿಡಿ.

ಅಕ್ಟೋಬರ್. ಗುಡಿಸಿದಳು, ಕಡ್ಡಿ ಗೀರಿದಳು,
ಗೀರಿದ ಬೆಂಕಿಯಲ್ಲಿ ಕಂಡಿತು:
ಪೂರ್ತಿ ಹಳದಿಯಾದ ಎಲೆ,
ಬೊಬ್ಬೆಯ ಸುತ್ತ ಮಾತ್ರ ಒಂದಿಷ್ಟು ಹಸಿರು,
ಊರೆಲ್ಲ ಮಲಗಿದ ಮೇಲೆ
ಬಾಣಂತಿಯಿರುವ ಮನೆಯ ದೀಪ.
ತಿನ್ನುವ ಬಾಯೇ
ತಿನ್ನಿಸಿಕೊಳ್ಳುವುದನ್ನು ಸಾಯಗೊಟ್ಟಿಲ್ಲ.
ಕಡ್ಡಿ ಬೆರಳು ಸುಟ್ಟಿತು.

ಉಳಿದ ಎಲೆಗಳು ಸುಟ್ಟವು. ಅದನ್ನೇನೂ ಮುಚ್ಚಿಡಲಿಲ್ಲ ಅವಳು.
ಆ ಒಂದನ್ನು ಮಾತ್ರ ಹಿಡಿ ಮುರಿದ ಕಪ್ಪಿನಲ್ಲಿಟ್ಟು
ಕೊಟ್ಟಿಗೆಯ ಕಿಟಕಿಗೆ ಏರಿಸಿದಳು.
"ಕಸಕ್ಕೂ ಕಪ್ಪೇ?" ವಿನ್ಸೆಂತಿ ನಕ್ಕ.
ಚಳಿಗಾಲವಿಡೀ ಅದೇ ನಗು, ದಿನಕ್ಕೆರಡು ಸಲ.
ಕಪ್ಪಿನೊಳಗೆ ಹಿಮ ಕೂತಿತು, ಕರಗಿತು, ಕೂತಿತು.

ಏಪ್ರಿಲ್‌ನಲ್ಲಿ ನೋಡಿದರೆ
ಎಲೆ ಹಳೇ ಚಹಾದ ಬಣ್ಣ,
ಅದರಿಂದ ಅರ್ಧ ಹೊರಗೆ ಚಾಚಿದ ಒಂದು ಖಾಲಿ ಪೊರೆ,
ಅವಸರದಲ್ಲಿ ಕಳಚಿದ ಅಂಗಿಯ ತೋಳು.
ಹೋಗಿದೆ.

ಗಾಜಿನ ಮೇಲೆ ಹುಡುಕಿದಳು, ತೊಲೆಯ ಬಿರುಕಿನಲ್ಲಿ,
ಮಾರಾಟಕ್ಕೆ ಪೇರಿಸಿಟ್ಟ ಬುಟ್ಟಿಗಳ ಸಂದಿಯಲ್ಲಿ.
ಅಕ್ಕಿಕಾಳಿಗಿಂತ ಸಣ್ಣದು, ಚಿನ್ನದ ಮೈಗೆ ಬಿಳಿಗೀರು,
ಝೆಮೊವಿತ್ ಚಿತ್ರ ತೋರಿಸಿದ್ದ.
ಹೊಸ ಕಣ್ಣಿಗೂ ಸಿಗಲಿಲ್ಲ.

ಆ ದಿನ ಹೆಣೆದ ಬುಟ್ಟಿಯ ಬುಡದಲ್ಲಿ
ಒಂದು ಎಳೆ ತಪ್ಪಿತು.
"ತೂತು" ಎಂದ ವಿನ್ಸೆಂತಿ.
ನೋಡಿದಳು, ಎರಡೂ ಕಣ್ಣಲ್ಲಿ.
ಬಿಚ್ಚಲಿಲ್ಲ.