ಐನೂರನೆಯದು

ಗುರುವಾರ ರಾತ್ರಿ, ಮಸ್ಕತ್ತಿನ ವಾದಿ ಕಬೀರ್, ಕಲ್ಲುಗುಡ್ಡದ ಬುಡ.
ಹುಲ್ಲಿಲ್ಲ. ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಿದ ಮರಳು.
ಗೆರೆ ಎಳೆಯುವುದು ನನ್ನಂಗಡಿಯ ಹುಳ ಬಿದ್ದ ಮೈದಾದಲ್ಲಿ.
ದೀಪದ ಕಂಬ ಎರಡು; ಮೂರನೆಯದು ಮನಸ್ಸು ಬಂದರೆ ಉರಿಯುತ್ತದೆ.

ಗೋಲಿನಲ್ಲಿ ಹಮ್ಮಬ್ಬ. ಉಳ್ಳಾಲದವನು, ನಲವತ್ತೇಳು.
ವಾರವಿಡೀ ಏಸಿ ಡಕ್ಟುಗಳೊಳಗೆ ತೆವಳುವ ಮೈ
ಇಲ್ಲಿ ಕೈ ಅಗಲಿಸಿ ನಿಂತರೆ
ಕಂಬದಿಂದ ಕಂಬಕ್ಕೆ ಅಷ್ಟೂ ತನ್ನದೇ ಎಂಬ ಠೀವಿ.
ಚೆಂಡು ಮಾತ್ರ ಆ ಮಾತು ಒಪ್ಪುವುದಿಲ್ಲ.

ನಾನು ಲೆಕ್ಕದವನು.
ಬಖಾಲೆಯ ಉದ್ರಿ ಪುಸ್ತಕ ನನ್ನದು, ಹದಿಮೂರು ವರ್ಷದ್ದು:
ಮುಂದಿನಿಂದ ಹಾಲು, ಖುಬ್ಬೂಸ್, ಫೋನ್ ಕಾರ್ಡು, ಯಾರ ಬಾಕಿ ಎಷ್ಟು ಬೈಸ;
ತಿರುಗಿಸಿ ಹಿಂದಿನಿಂದ, ಹಮ್ಮಬ್ಬನಿಗೆ ಬಿದ್ದ ಗೋಲು.
ಎರಡೂ ಕಡೆಯ ಸಾಲ ನಡುವಿನ ಹಾಳೆಯಲ್ಲಿ
ಒಂದು ದಿನ ಮುಖಾಮುಖಿಯಾದಾವು ಎಂದು ಒಬ್ಬನೇ ನಗುತ್ತಿದ್ದೆ.

ಟೀವಿಯಲ್ಲಿ ನೋಡಿದ್ದೆವು. ಯಾರೋ ದೊಡ್ಡವನು ದಾಖಲೆ ಮುರಿದ,
ಆಟವೇ ನಿಂತಿತು, ಚೆಂಡನ್ನು ಕೂಸಿನಂತೆ ಎತ್ತಿ ಅವನ ಕೈಗಿಟ್ಟರು,
ಎದುರಾಳಿಗಳೂ ಸಾಲು ಹಚ್ಚಿ ಬೆನ್ನು ತಟ್ಟಿದರು.
"ನಮ್ಮಲ್ಲೂ ಒಬ್ಬನಿದ್ದಾನಲ್ಲ ಮಾರಾಯ,"
ಲಾಂಡ್ರಿಯ ಬೊನಿಫಾಸ್ ಅಂದ.
"ಹೊಡೆದದ್ದಕ್ಕೇ ಯಾಕೆ? ತಿಂದದ್ದೂ ದಾಖಲೆಯೇ."
ಹಾಗಾಗಿ ಆ ರಾತ್ರಿ ಕಾರಿನ ಡಿಕ್ಕಿಯಲ್ಲಿ, ಐಸಿನ ನಡುವೆ ಒಂದು ಕೇಕು,
ಮೇಲೆ ಕೆಂಪು ಕ್ರೀಮಿನ ೫೦೦.

ಇಪ್ಪತ್ತೆರಡನೇ ನಿಮಿಷ. ಬಲೂಚಿ ಹುಡುಗ ಶಾಹ್‌ದಾದ್ ಒದ್ದ.
ಹಮ್ಮಬ್ಬ ಸರಿಯಾದ ಕಡೆಗೇ ಹಾರಿದ,
ಆದರೆ ನಿನ್ನೆಯೇ ಹಾರಬೇಕಿತ್ತು.
ನಾನು ಪುಸ್ತಕ ಎತ್ತಿ ಬೀಸಿದೆ.
ಸುಡಾನಿನ ಮೇಷ್ಟ್ರು ಬಾಬಿಕರ್ ಸೀಟಿ ಊದಿ
ಗಡಿಯಾರದ ಗುಂಡಿ ಒತ್ತಿ ಹೊತ್ತನ್ನೇ ನಿಲ್ಲಿಸಿದರು.

ಮರಳಲ್ಲಿ ಬಿದ್ದಲ್ಲಿಂದಲೇ ಹಮ್ಮಬ್ಬ ಚಪ್ಪಾಳೆ ತಟ್ಟಿದ:
"ಹುಡುಗನದು ಎಷ್ಟನೆಯದು? ಐವತ್ತಾ?"
ಯಾರೂ ಹುಡುಗನ ಕಡೆ ಹೋಗಲಿಲ್ಲ.
ಇಪ್ಪತ್ತೊಂದು ಮಂದಿ ಅವನ ಸುತ್ತ ನಿಂತರು,
ಕೇಕು ಬಂತು. ಹಾಡಲು ಬಾಯಿ ತೆರೆದವನು
ಯಾವ ಹಾಡೆಂದು ತಿಳಿಯದೆ ಮುಚ್ಚಿದ.

ಹಮ್ಮಬ್ಬ ಕೆಂಪು ಅಂಕಿ ಓದಿದ. ಬೆರಳು ಮಡಚಿದ. ತಲೆಯಾಡಿಸಿದ.
"ಇದು ನಾನೂರ ತೊಂಬತ್ತೊಂಬತ್ತು.
ಮುಂಚಿನ ವರ್ಷ, ಧೂಳೆದ್ದ ರಾತ್ರಿ, ನೆನಪು ಮಾಡು.
ಚೆಂಡು ಬಲೆಯ ಪಕ್ಕದ ತೂತಿನಿಂದ ನುಗ್ಗಿತು.
ನೀನು ಬರೆದುಕೊಂಡೆ. ನಾನು ಸುಮ್ಮನಾದೆ."

"ನೀನೂ ಎಣಿಸ್ತಿದ್ದೆಯಾ?"

"ಮತ್ತೆ? ಬಿದ್ದದ್ದು ಯಾರಿಗೆ?
ಡಕ್ಟಿನ ಕತ್ತಲಲ್ಲಿ ಅಂಗಾತ ಬಿದ್ದುಕೊಂಡು
ಒಂದೊಂದನ್ನೂ ತಿರುಗಿ ಹಿಡೀತೇನೆ.
ಇನ್ನೂರ ಹತ್ತು ಆಯ್ತು ಅಲ್ಲಿ."

ಕೇಕು ಡಿಕ್ಕಿಗೆ ವಾಪಸ್ಸು.
ಆಮೇಲಿನದನ್ನು ಹೇಗೆ ಬರೆಯಲಿ? ನಮ್ಮವರಿಗೇ ಆ ಒಂದು ಗೋಲು ಬೇಕಾಗಿತ್ತು,
ಬೊನಿಫಾಸ್ ಚೆಂಡನ್ನು ಶಾಹ್‌ದಾದನ ಕಾಲಿಗೇ ತಳ್ಳಿಕೊಟ್ಟ.
ಮೊಣಕಾಲಿಗೆ ಬಡಿಯಿತು, ಎದೆಗೆ ಬಡಿಯಿತು,
ಒಮ್ಮೆ ನೆಟ್ಟಗೆ ಮೂಗಿಗೆ.
ಹಮ್ಮಬ್ಬ ನೆತ್ತರು ಒರೆಸಿ ಮತ್ತೆ ಕೈ ಅಗಲಿಸಿದ.
ಮೇಷ್ಟ್ರು ನಿಲ್ಲಿಸಿದ ಗಡಿಯಾರವನ್ನು ತಿರುಗಿ ಓಡಿಸಲು ಮರೆತಿದ್ದರು.
ಆಟ ಮುಗಿಯುವುದೆಂತು? ಹತ್ತೂವರೆಗೆ ಕಾವಲಿನವನು
ಬೈಯುತ್ತ ದೀಪ ಆರಿಸುವ ತನಕ ನಡೆಯಿತು,
ಗೋಲಿಲ್ಲದೆ.

ಮೊಬೈಲಿನ ಬೆಳಕಲ್ಲಿ ಡಿಕ್ಕಿ ತೆರೆದರೆ
ಕೊನೆಯ ಸೊನ್ನೆ ಕರಗಿ ಹರಿದು ಉಳಿದದ್ದು ಐವತ್ತು.
ಅದನ್ನೇ ತಿಂದೆವು, ಬೆರಳಲ್ಲಿ, ಮರಳು ಸಮೇತ.

ಅಂಗಡಿಗೆ ಬಂದು ಪುಸ್ತಕ ತಿರುಗಿಸಿ
ಆ ಧೂಳಿನ ರಾತ್ರಿಯ ಸಾಲನ್ನು ಹುಡುಕಿ ಹೊಡೆದು ಹಾಕಿದೆ.
ಬೈಸ ಕೊಡದೆ ಬಾಕಿ ಇಳಿದದ್ದು ನನ್ನಲ್ಲಿ ಅದೇ ಮೊದಲು.
ಆಮೇಲೆ ಮುಂದಿನ ಗುರುವಾರಕ್ಕೆಂದು
ಮೈದಾ ಒಂದು ಕಿಲೋ ಬೇರೆ ಎತ್ತಿಟ್ಟೆ,
ಈ ಸಲ ಹುಳವಿಲ್ಲದ್ದು.